ವಾರಾಂತ್ಯದ ಎಐ ಕೋರ್ಸು: ಬಳ್ಳಾರಿಯ ಒಂದು ತರಬೇತಿಯಲ್ಲಿ ಕೊಟ್ಟ ಹಣಕ್ಕೆ ಬಂದದ್ದೆಷ್ಟು?

ಬಳ್ಳಾರಿಯ ಕಂಪ್ಯೂಟರ್ ತರಬೇತಿ ಕೇಂದ್ರಗಳ ಫಲಕಗಳಲ್ಲಿ ಬೇಸಿಕ್, ಡಿಟಿಪಿ, ಟ್ಯಾಲಿ ಎಂಬ ಹಳೆಯ ಮೂರು ಹೆಸರುಗಳ ಕೆಳಗೆ ಈಗ ಎಐ (ಕೃತಕ ಬುದ್ಧಿಮತ್ತೆ) ಎಂಬ ನಾಲ್ಕನೆಯದು ಸೇರಿಕೊಂಡಿದೆ. ಅಂಥ ಒಂದು ಕೇಂದ್ರವು ಶನಿವಾರ ಸಂಜೆ ಮತ್ತು ಭಾನುವಾರ ಬೆಳಿಗ್ಗೆ ನಡೆಸುವ, ದುಡಿಯುವವರಿಗೆಂದೇ ರೂಪಿಸಿದ ಮೂರು ತಿಂಗಳ ಎಐ ಕೋರ್ಸನ್ನು ನಾನು ಇತ್ತೀಚೆಗೆ ಮುಗಿಸಿದೆ. ಶುಲ್ಕ 14,000 ರೂಪಾಯಿ. ಶೇ 18ರ ಜಿಎಸ್‌ಟಿ ಸೇರಿದರೆ 16,520. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನನ್ನಂಥವನಿಗೆ ಇದು ಸಣ್ಣ ಮೊತ್ತವಲ್ಲವಾದ್ದರಿಂದ, ಹಣಕ್ಕೆ ತಕ್ಕದ್ದು ಸಿಕ್ಕಿತೇ ಎಂಬುದನ್ನು ಲೆಕ್ಕದವನ ಕಣ್ಣಿನಿಂದಲೇ ನೋಡಿ ಬರೆಯುತ್ತಿದ್ದೇನೆ. ಕೇಂದ್ರದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ಬಗೆಯ ಪಠ್ಯಕ್ರಮ ಹೊಸಪೇಟೆ, ಗಂಗಾವತಿ, ರಾಯಚೂರುಗಳಲ್ಲೂ ಮಾರಾಟಕ್ಕಿರುವುದರಿಂದ ಓದುಗರಿಗೆ ಬೇಕಾದದ್ದು ಒಂದು ಅಂಗಡಿಯ ಹೆಸರಿಗಿಂತ ಸರಕಿನ ಪರಿಚಯ.

ಮೊದಲೇ ಹೇಳಿಬಿಡುವುದಾದರೆ, ಕೋರ್ಸಿನ ಮೂರು ಪಾಲಿನಲ್ಲಿ ಒಂದು ಪಾಲು ಕೊಟ್ಟ ಅಷ್ಟೂ ಹಣಕ್ಕೆ ಸಮನಾಗಿತ್ತು. ಉಳಿದದ್ದು ಮನೆಯಲ್ಲಿ ಕುಳಿತು ಪುಕ್ಕಟೆಯಾಗಿ ಕಲಿಯಬಹುದಾದದ್ದು, ಅಥವಾ ಕಲಿಯುವ ಅಗತ್ಯವೇ ಇಲ್ಲದ್ದು. ಒಳ್ಳೆಯ ಭಾಗ ಯಾವುದೆಂದು ಕೇಂದ್ರದ ಕರಪತ್ರವನ್ನು ಓದಿ ಯಾರೂ ಊಹಿಸಲಾರರು, ಏಕೆಂದರೆ ಅದರ ಪ್ರಸ್ತಾಪವೇ ಅಲ್ಲಿಲ್ಲ.

ಕರಪತ್ರದ ತುಂಬ ಇರುವುದು ಭಯ. ‘ಎಐ ನಿಮ್ಮ ಕೆಲಸ ಕಸಿಯದು, ಎಐ ಬಲ್ಲವನು ಕಸಿಯುತ್ತಾನೆ’ ಎಂಬ, ಈಗ ಎಲ್ಲೆಡೆ ಕೇಳಿಬರುವ ಮಾತು ದಪ್ಪಕ್ಷರದಲ್ಲಿದೆ. ಮೊದಲ ತರಗತಿಯನ್ನು ತೆಗೆದುಕೊಂಡ ಯುವ ಬೋಧಕರು ಅದೇ ಧಾಟಿಯನ್ನು ಮುಂದುವರಿಸಿ, ಶೇ 47ರಷ್ಟು ಉದ್ಯೋಗಗಳು ಹೋಗಲಿವೆ ಎಂಬ ಚಿತ್ರವೊಂದನ್ನು ಗೋಡೆಯ ಮೇಲೆ ಮೂಡಿಸಿದರು. ಈ ಅಂಕಿ ಎಲ್ಲಿಂದ ಬಂದದ್ದೆಂದು ಅವರು ಹೇಳಲಿಲ್ಲ. ಅದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಫ್ರೇ ಮತ್ತು ಆಸ್ಬರ್ನ್ ಎಂಬ ಇಬ್ಬರು ಸಂಶೋಧಕರು 2013ರಲ್ಲಿ ಅಮೆರಿಕದ ಉದ್ಯೋಗಗಳ ಬಗ್ಗೆ ಮಾಡಿದ ಅಂದಾಜು. ಇಷ್ಟು ಉದ್ಯೋಗಗಳು ಯಂತ್ರಕ್ಕೆ ಒಪ್ಪಿಸಬಹುದಾದ ಸ್ವಭಾವದವು ಎಂದಷ್ಟೇ ಅವರು ಹೇಳಿದ್ದರು. ಇಷ್ಟು ಜನ ಮನೆಗೆ ಹೋಗುತ್ತಾರೆ ಎಂದು ಅಲ್ಲ. 2016ರಲ್ಲಿ, ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ ಸಂಸ್ಥೆ ಪ್ರಕಟಿಸಿದ ಇನ್ನೊಂದು ಅಧ್ಯಯನ ಇಡೀ ಉದ್ಯೋಗವನ್ನು ಒಂದು ಘಟಕವೆಂದು ಎಣಿಸದೆ, ಒಬ್ಬರು ದಿನವಿಡೀ ಮಾಡುವ ಬಿಡಿ ಬಿಡಿ ಕೆಲಸಗಳನ್ನು ಎಣಿಸಿದಾಗ, ಆ ಸಂಸ್ಥೆಯ ಸದಸ್ಯ ದೇಶಗಳಲ್ಲಿ ಹೆಚ್ಚಿನ ಅಪಾಯದಲ್ಲಿರುವ ಉದ್ಯೋಗಗಳ ಪಾಲು ಸರಾಸರಿ ಶೇ 9ಕ್ಕೆ ಇಳಿಯಿತು. ನಲವತ್ತೇಳಕ್ಕೂ ಒಂಬತ್ತಕ್ಕೂ ನಡುವಿನ ಈ ಅಂತರ ಹುಟ್ಟಿದ್ದು ಎಣಿಸುವ ಕ್ರಮದಿಂದ. ಈ ಒಂದು ಸಂಗತಿಯನ್ನು ಮೊದಲ ದಿನವೇ ವಿವರಿಸಿದ್ದರೆ ಕೋರ್ಸಿಗೆ ಒಂದು ಬೆನ್ನೆಲುಬು ಬರುತ್ತಿತ್ತು. ಹೆದರಿಸಿ ಕೂರಿಸುವುದು ಸುಲಭವೆಂದು ಅವರಿಗೆ ಅನಿಸಿರಬೇಕು.

ಹೆದರುವವರು ಹೆದರುವುದಕ್ಕೆ ಕಾರಣವೇ ಇಲ್ಲವೆಂದು ಇದರರ್ಥವಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2023ರ ಆಗಸ್ಟ್‌ನಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಬರೆಯುವ ಎಐಗೆ ಎಲ್ಲಕ್ಕಿಂತ ಹೆಚ್ಚಾಗಿ ತೆರೆದುಕೊಂಡಿರುವುದು ನನ್ನಂಥ ಗುಮಾಸ್ತರ ಕೆಲಸ: ಅದರ ಬಿಡಿ ಕೆಲಸಗಳಲ್ಲಿ ಶೇ 24 ಹೆಚ್ಚಿನ ಮಟ್ಟದಲ್ಲಿ, ಇನ್ನೂ ಶೇ 58 ಮಧ್ಯಮ ಮಟ್ಟದಲ್ಲಿ ತೆರೆದುಕೊಂಡಿವೆ. ಅದೇ ಅಧ್ಯಯನವು ಹೆಚ್ಚಿನ ಉದ್ಯೋಗಗಳು ಪೂರ್ತಿ ಅಳಿಯುವುದಕ್ಕಿಂತ ರೂಪ ಬದಲಿಸಿಕೊಳ್ಳುವ ಸಾಧ್ಯತೆಯೇ ಹೆಚ್ಚೆಂದೂ ಹೇಳಿದೆ. ನಮ್ಮ ತರಗತಿಯಲ್ಲಿ ಈ ಅಧ್ಯಯನದ ಮಾತೇ ಬರಲಿಲ್ಲ. ಕುಳಿತಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಗುಮಾಸ್ತಿಕೆಯವರೇ ಆಗಿದ್ದರು.

ಕೋರ್ಸಿನ ಮೊದಲ ತಿಂಗಳನ್ನು ಪೂರ್ತಿಯಾಗಿ ‘ಪ್ರಾಂಪ್ಟ್’, ಅಂದರೆ ಎಐಗೆ ಕೊಡುವ ಸೂಚನೆ, ಬರೆಯುವುದಕ್ಕೆ ಮೀಸಲಿಟ್ಟಿದ್ದರು. ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಸಾರ್ವಜನಿಕರ ಕೈಗೆ ಬಂದ ಮೇಲೆ ಇಂಥ ಉಪಕರಣಗಳು ಮನುಷ್ಯರ ಸಾಧಾರಣ ಮಾತನ್ನು ಗ್ರಹಿಸುವುದರಲ್ಲಿ ವರ್ಷದಿಂದ ವರ್ಷಕ್ಕೆ ಸುಧಾರಿಸಿವೆ. ಹೀಗಿರುವಾಗ ನೂರಾರು ಸಿದ್ಧ ಪ್ರಾಂಪ್ಟ್‌ಗಳ ಪಿಡಿಎಫ್ ಹಂಚಿ, ಅವನ್ನು ನಕಲು ಮಾಡಿ ಅಂಟಿಸುವುದನ್ನು ವಾರಗಟ್ಟಲೆ ಅಭ್ಯಾಸ ಮಾಡಿಸುವುದು ನನಗೆ ದಂಡವೆನಿಸಿತು. ಕೆಲಸದ ಹಿನ್ನೆಲೆಯನ್ನು ಬಿಡಿಸಿ ಹೇಳಬೇಕು, ಉತ್ತರ ಯಾವ ರೂಪದಲ್ಲಿ ಬೇಕೆಂದು ತಿಳಿಸಬೇಕು, ಒಂದು ಮಾದರಿ ಕೊಡಬೇಕು ಎಂಬ ವಿಷಯವನ್ನು ಒಂದು ಮಧ್ಯಾಹ್ನದಲ್ಲಿ ಹೇಳಿ ಮುಗಿಸಬಹುದು. ಬೋಧಕರು ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ಇಂಗ್ಲಿಷಿಗೆ ಜಿಗಿಯುತ್ತ ಹೇಳುವುದು ಬಳ್ಳಾರಿಯವರಿಗೆ ಹೊಸದೇನಲ್ಲ, ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಉದಾಹರಣೆಗಳಿಂದ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಮಾರ್ಕೆಟಿಂಗ್ ವಿಭಾಗಕ್ಕೆ ಒಪ್ಪುವ ಮಿಂಚಂಚೆಗಳನ್ನೇ ನಾವೆಲ್ಲ ಬರೆಸಬೇಕಾಯಿತು.

ಕೌಲ್ ಬಜಾರಿನಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ಸಹಪಾಠಿಯೊಬ್ಬರ ಪಾಡು ಇನ್ನೂ ಬೇರೆ. ಅವರ ಬಳಿ ವರ್ಷಗಳಿಂದ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡಿಟ್ಟ ಹಳೆಯ ಕಡತಗಳಿವೆ. ಅವನ್ನು ನೇರವಾಗಿ ಚಾಟ್ ಉಪಕರಣಕ್ಕೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಬೀಳುತ್ತದೆ, ಏಕೆಂದರೆ ಹಳೆಯ ನುಡಿ ಅಕ್ಷರಗಳು ಈಗ ಎಲ್ಲೆಡೆ ಬಳಕೆಯಲ್ಲಿರುವ ಯೂನಿಕೋಡ್ ಸಂಕೇತದಲ್ಲಿಲ್ಲ. ಮೊದಲು ಪರಿವರ್ತಕದಲ್ಲಿ ಹಾಯಿಸಿ, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿದ ಮೇಲಷ್ಟೇ ಮುಂದಿನ ಮಾತು. ಮದುವೆ ಪತ್ರಿಕೆ, ಕರಾರು ಪತ್ರ, ತಹಶೀಲ್ದಾರ್ ಕಚೇರಿಗೆ ಅರ್ಜಿ ಟೈಪು ಮಾಡಿ ಬದುಕುವ ಈ ಊರಿನ ಎಷ್ಟೋ ಮಂದಿಗೆ, ಗ್ರಾಹಕನೇ ಮೊಬೈಲಿನಲ್ಲಿ ಕನ್ನಡದಲ್ಲಿ ಮಾತಾಡಿ ಅರ್ಜಿ ಸಿದ್ಧಪಡಿಸಿಕೊಳ್ಳುವ ಕಾಲ ಬಂದಿದೆ ಎಂಬುದೇ ನಿಜವಾದ ಸಮಸ್ಯೆ. ಕರಡನ್ನು ತಿದ್ದಿ, ಸರಿಯಾದ ನಮೂನೆಗೆ ಕೂರಿಸಿ, ಯಾವ ದಾಖಲೆ ಲಗತ್ತಿಸಬೇಕೆಂದು ಹೇಳುವ ಕೆಲಸಕ್ಕೆ ಅವರು ಹೊರಳಿಕೊಳ್ಳಬೇಕಾಗುತ್ತದೆ. ಪಠ್ಯಕ್ರಮದಲ್ಲಿ ಕನ್ನಡಕ್ಕೆಂದು ಒಂದು ತರಗತಿಯೂ ಇರಲಿಲ್ಲ. ಇದು ಈ ಕೋರ್ಸಿನ ಬಹು ದೊಡ್ಡ ಕೊರತೆ.

ಎರಡನೆಯ ತಿಂಗಳಿನಲ್ಲಿ ಬೋಧಕರು ಬದಲಾದರು. ಬಂದವರು ಹಿಂದೆ ಆಡಿಟರ್ ಕಚೇರಿಯಲ್ಲಿ ದುಡಿದಿದ್ದ ಮಧ್ಯವಯಸ್ಸಿನ ಮೇಡಂ. ಅವರು ಮೊದಲ ದಿನ ಕಂಪ್ಯೂಟರ್ ಹಚ್ಚುವುದಕ್ಕೇ ಬಿಡಲಿಲ್ಲ. ಕಳೆದ ವಾರ ಕಚೇರಿಯಲ್ಲಿ ಮಾಡಿದ್ದನ್ನೆಲ್ಲ ಕಾಗದದ ಮೇಲೆ ಬರೆಯಿರಿ, ಅದರಲ್ಲಿ ಪ್ರತಿ ಸಲವೂ ಒಂದೇ ರೀತಿ ನಡೆಯುವುದು ಯಾವುದು, ಪ್ರತಿ ಸಲವೂ ಯೋಚಿಸಬೇಕಾಗುವುದು ಯಾವುದು ಎಂದು ಬೇರ್ಪಡಿಸಿರಿ, ಕೊನೆಗೆ ಯಾವುದಕ್ಕೆ ನಿಮ್ಮ ಸಹಿ ಬೀಳುತ್ತದೆ ಎಂದು ಗುರುತು ಹಾಕಿರಿ ಎಂದರು. ಒಇಸಿಡಿ ಅಧ್ಯಯನದ ಎಣಿಕೆಯ ಕ್ರಮವೂ ಇದೇ ದಾರಿಯದು. ಹೆಸರು ಹೇಳದೆ ಅದನ್ನು ಅವರು ನಮ್ಮಿಂದ ಮಾಡಿಸಿದರು.

ಆ ಕಾಗದಗಳಿಂದ ಹೊರಬಂದದ್ದು ಕುತೂಹಲಕರವಾಗಿತ್ತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆದಾರರೊಬ್ಬರ ಕೈಕೆಳಗೆ ಸೂಪರ್‌ವೈಸರ್ ಆಗಿರುವ ಸಹಪಾಠಿಯ ದಿನದ ಬಹುಪಾಲು ಹಾಜರಿ ಪಟ್ಟಿ, ಕೂಲಿ ಪಟ್ಟಿ, ಪಿಎಫ್ ಚಲನ್‌ಗಳಲ್ಲಿ ಕಳೆಯುತ್ತಿತ್ತು. ಇವೆಲ್ಲ ಯಂತ್ರ ಮಾಡಬಲ್ಲ ಕೆಲಸಗಳು, ಈಗಾಗಲೇ ಅರ್ಧ ಮಾಡುತ್ತಲೂ ಇದೆ. ಬಿಸಿ ಪೈಪಿನ ಹತ್ತಿರ ವೆಲ್ಡಿಂಗ್ ನಡೆಸುವ ಮುನ್ನ ಜಾಗ ನೋಡಿ ವರ್ಕ್ ಪರ್ಮಿಟ್‌ಗೆ ಸಹಿ ಹಾಕುವುದು ದಿನದಲ್ಲಿ ಅರ್ಧ ಗಂಟೆಯದಾದರೂ, ಅವರನ್ನು ಅಲ್ಲಿ ಇಟ್ಟುಕೊಂಡಿರುವುದೇ ಆ ಅರ್ಧ ಗಂಟೆಗಾಗಿ ಎಂಬುದು ಕಾಗದದಲ್ಲಿ ಎದ್ದು ಕಂಡಿತು. ಜೀನ್ಸ್ ಘಟಕದ ಕಟಿಂಗ್ ಮಾಸ್ಟರ್ ಒಬ್ಬರು, ಬಟ್ಟೆ ಹಾಳಾಗದಂತೆ ಮಾರ್ಕರ್ (ಕತ್ತರಿಸಬೇಕಾದ ತುಂಡುಗಳ ಗುರುತು) ಹಾಕುವುದರಲ್ಲಿ ಸಾಫ್ಟ್‌ವೇರು ತಮ್ಮನ್ನು ಮೀರಿಸಿದೆ ಎಂದು ಬೇಸರದಿಂದ ಒಪ್ಪಿಕೊಂಡರು. ಅದೇ ಉಸಿರಿನಲ್ಲಿ, ಒಂದು ರೋಲಿನ ಡೆನಿಮ್ ವಾಷಿಂಗ್ ಆದ ಮೇಲೆ ಎಷ್ಟು ಕುಗ್ಗುತ್ತದೆ, ಪಕ್ಕದ ರೋಲಿನದು ಎಷ್ಟು ಎಂಬ ಲೆಕ್ಕ ತಾವು ಹೇಳದಿದ್ದರೆ ಆ ಸಾಫ್ಟ್‌ವೇರು ಸೊಂಟದ ಅಳತೆಯನ್ನೇ ತಪ್ಪಿಸುತ್ತದೆ ಎಂದೂ ಹೇಳಿದರು. ‘ಹಂಗಾದ್ರ ಆ ಲೆಕ್ಕ ಬರದಿಡ್ರಿ. ರೋಲ್ ನಂಬರು, ತೊಳಿಯೂ ಮುಂಚಿನ ಅಳತಿ, ತೊಳದ ಮ್ಯಾಲಿನ ಅಳತಿ, ದಿನಾ ಬರದಿಡ್ರಿ. ನಾಳೆ ಸಾಫ್ಟ್‌ವೇರ್ ಹಾಕೋರು ಬಂದಾಗ ನಿಮ್ಮನ್ನ ಕೇಳ್ದ ಮುಂದ ಹೋಗಂಗಿಲ್ಲ’ ಎಂದು ಮೇಡಂ ಹೇಳಿದ ಮಾತು ಇಡೀ ಕೋರ್ಸಿನಲ್ಲಿ ನಾನು ಕೇಳಿದ ಅತ್ಯಂತ ಉಪಯುಕ್ತ ಸಲಹೆ.

ಎಸ್‌ಡಿಎ, ಎಫ್‌ಡಿಎ ಪರೀಕ್ಷೆಗಳಿಗೆ ಓದುತ್ತಿದ್ದ ತರುಣಿಯೊಬ್ಬರು ಸರ್ಕಾರಿ ಕೆಲಸಕ್ಕೆ ಇದಾವುದೂ ತಗಲುವುದಿಲ್ಲ ಎಂದು ವಾದಿಸಿದರು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಬಂದ ಮೇಲೆ ನಮ್ಮ ಭಾಗದ ಮನೆಮನೆಯಲ್ಲೂ ಈ ನಂಬಿಕೆ ಬೇರೂರಿರುವುದು ಸಹಜ. ಅದಕ್ಕೆ ಮೇಡಂ ಭೂಮಿ ಯೋಜನೆಯನ್ನು ನೆನಪಿಸಿದರು. ಪಹಣಿ ಕಂಪ್ಯೂಟರಿಗೆ ಹೋದ ಮೇಲೆ ಶಾನುಭೋಗಿಕೆಯ ಕಾಲದಿಂದ ಬಂದ ಕೈಬರಹದ ಪಹಣಿಗೆ ಬೆಲೆಯಿಲ್ಲದಾಯಿತು. ಗ್ರಾಮ ಲೆಕ್ಕಿಗರ ಹುದ್ದೆ ಮಾತ್ರ ಹೋಗಲಿಲ್ಲ, ಈಗ ಗ್ರಾಮ ಆಡಳಿತಾಧಿಕಾರಿ ಎಂಬ ಹೆಸರಿನಲ್ಲಿದೆ, 2024ರಲ್ಲಿ 1,000 ಹುದ್ದೆಗಳಿಗೆ ನೇಮಕಾತಿಯೂ ಹೊರಟಿತು. ಬರೆದುಕೊಡುವುದರಲ್ಲಿದ್ದ ಅಧಿಕಾರ ಸ್ಥಳಕ್ಕೆ ಹೋಗಿ ನೋಡಿ ವರದಿ ಕೊಡುವ ಕಡೆಗೆ ಸರಿಯಿತು. ಆ ತರುಣಿ ವಾದ ನಿಲ್ಲಿಸಲಿಲ್ಲವಾದರೂ ಎಕ್ಸೆಲ್ ತರಗತಿಗೆ ತಪ್ಪದೆ ಬಂದರು.

ನನ್ನ ಕಾಗದದ ವಿಷಯ ಹೇಳುವ ಮೊದಲು ನಮ್ಮ ಗಿರಣಿಯ ಕಲರ್ ಸಾರ್ಟರ್ ಬಗ್ಗೆ ಹೇಳಬೇಕು. ಸಿರುಗುಪ್ಪ, ಗಂಗಾವತಿ, ಕಾರಟಗಿ, ಸಿಂಧನೂರಿನ ಗಿರಣಿಗಳಿಗೆ ಯಾಂತ್ರೀಕರಣ ಬಂದದ್ದು ಚಾಟ್‌ಬಾಟ್ ರೂಪದಲ್ಲಲ್ಲ, ಈ ಯಂತ್ರದ ರೂಪದಲ್ಲಿ. ಇಳಿಜಾರಿನ ಕಾಲುವೆಗಳಲ್ಲಿ ಅಕ್ಕಿ ಜಾರಿ ಬೀಳುವಾಗ ಕ್ಯಾಮೆರಾಗಳು ಕಾಳು ಕಾಳನ್ನೂ ನೋಡುತ್ತವೆ. ಬಣ್ಣಗೆಟ್ಟ ಕಾಳು ಕಂಡೊಡನೆ ಗಾಳಿಯ ಸಣ್ಣ ಚಿಮ್ಮು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಮೊದಲು ಹೆಂಗಸರು ಸಾಲಾಗಿ ಕುಳಿತು ಆರಿಸುತ್ತಿದ್ದ ಕೆಲಸವಿದು. ಅವರಲ್ಲಿ ಹೆಚ್ಚಿನವರಿಗೆ ಗಿರಣಿಯಲ್ಲಿ ಬೇರೆ ಕೆಲಸ ಸಿಗಲಿಲ್ಲ ಎಂಬುದನ್ನು ಮುಚ್ಚಿಟ್ಟು ಯಾಂತ್ರೀಕರಣದ ಬಗ್ಗೆ ಬರೆಯುವುದು ಸರಿಯಲ್ಲ, ಅವರಿಗೆ ಯಾವ ವಾರಾಂತ್ಯದ ಕೋರ್ಸೂ ಇರಲಿಲ್ಲ. ಯಂತ್ರ ಬಂದ ಮೇಲೆ ಹುಟ್ಟಿದ ಹೊಸ ಕೆಲಸ ಅದರ ಆಪರೇಟರನದು. ಸೂಕ್ಷ್ಮತೆಯನ್ನು ಹೆಚ್ಚಿಸಿದರೆ ಕೆಟ್ಟ ಕಾಳಿನ ಜೊತೆ ಒಳ್ಳೆಯ ಅಕ್ಕಿಯೂ ರಿಜೆಕ್ಟಿಗೆ ಹೋಗುತ್ತದೆ, ಇಳಿಸಿದರೆ ಕಪ್ಪು ಕಾಳು ಚೀಲಕ್ಕೆ ಬೀಳುತ್ತದೆ. ಕಂಪ್ರೆಸರಿನ ಗಾಳಿಯಲ್ಲಿ ತೇವವಿದ್ದರೆ, ಗಾಜಿನ ಮೇಲೆ ತೌಡಿನ ಧೂಳು ಕೂತರೆ ಎಲ್ಲ ಲೆಕ್ಕವೂ ಕೆಡುತ್ತದೆ. ನಮ್ಮಲ್ಲಿ ಈ ಕೆಲಸವನ್ನು ಚೆನ್ನಾಗಿ ಮಾಡುವವರು ಹಿಂದೆ ಅಕ್ಕಿ ಆರಿಸುತ್ತಿದ್ದ ಹೆಣ್ಣುಮಗಳೊಬ್ಬರೇ. ಕಾಳು ನೋಡಿದ ಕಣ್ಣು ಅವರಿಗೆ ಮೊದಲೇ ಇತ್ತು, ಗುಂಡಿಗಳನ್ನು ಆಮೇಲೆ ಕಲಿತರು.

ಲೆಕ್ಕಪತ್ರದ ಕೆಲಸವೂ ಇದೇ ದಾರಿ ಹಿಡಿದಿದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಒಂದೊಂದೇ ಕೆಲಸ ನಮ್ಮ ಕೈಯಿಂದ ಜಾಲತಾಣಕ್ಕೆ ಹೋಗಿದೆ: 2018ರಲ್ಲಿ ಸರಕು ಸಾಗಣೆಯ ಇ-ವೇ ಬಿಲ್, 2020ರಲ್ಲಿ ತಾನಾಗಿಯೇ ಸಿದ್ಧವಾಗುವ ಜಿಎಸ್‌ಟಿಆರ್-2ಬಿ (ನಮಗೆ ಮಾರಿದವರು ಸಲ್ಲಿಸಿದ ಬಿಲ್ಲುಗಳಿಂದ ನಮಗೆ ಸಿಗುವ ತೆರಿಗೆ ಜಮೆಯ ಪಟ್ಟಿ), 2023ರ ಆಗಸ್ಟ್‌ನಿಂದ 5 ಕೋಟಿ ರೂಪಾಯಿ ದಾಟಿದ ವಹಿವಾಟಿನವರಿಗೂ ಇ-ಇನ್‌ವಾಯ್ಸ್. ಈಗ ನಮಗೆ ಉಳಿದಿರುವ ದೊಡ್ಡ ಕೆಲಸವೆಂದರೆ ನಮ್ಮ ಖರೀದಿ ಪುಸ್ತಕವನ್ನು 2ಬಿ ಜೊತೆ ತಾಳೆ ನೋಡುವುದು. ಚೀಲ, ರಬ್ಬರ್ ರೋಲು, ಬೆಲ್ಟು, ಬೇರಿಂಗ್ ಮಾರಿದವರು ಬಿಲ್ ಸಂಖ್ಯೆಯನ್ನು 0145 ಎಂದು ದಾಖಲಿಸಿ, ನಾವು 145 ಎಂದು ಹಾಕಿಕೊಂಡಿದ್ದರೆ ಎಕ್ಸೆಲ್‌ನ ವಿಲುಕಪ್ ಎಂಬ ಹುಡುಕುವ ಸೂತ್ರ ಎರಡನ್ನೂ ಬೇರೆ ಬೇರೆ ಎಂದೇ ತಿಳಿಯುತ್ತದೆ. ಮೇಡಂ ಕಲಿಸಿದ ಪವರ್ ಕ್ವೆರಿಯಲ್ಲಿ ಒಮ್ಮೆ ಶುಚಿಗೊಳಿಸುವ ಹಂತಗಳನ್ನು ಬರೆದಿಟ್ಟರೆ, ಮರುತಿಂಗಳು ಹೊಸ ಕಡತ ಕೊಟ್ಟು ರಿಫ್ರೆಶ್ ಒತ್ತಿದರೆ ಸಾಕು. ಸ್ವಲ್ಪ ವ್ಯತ್ಯಾಸವಿರುವ ಹೆಸರುಗಳನ್ನೂ ಹೋಲಿಕೆಯ ಪ್ರಮಾಣ ನೋಡಿ ಜೋಡಿಸುವ ಸೌಲಭ್ಯ ಅದರಲ್ಲಿದೆ. ಕೃತಕ ಬುದ್ಧಿಮತ್ತೆಯ ಹೆಸರಿನ ಕೋರ್ಸಿನಲ್ಲಿ ನನ್ನ ಕೆಲಸದ ಸ್ವರೂಪವನ್ನೇ ಬದಲಿಸಿದ್ದು ಎಕ್ಸೆಲ್‌ನೊಳಗೆ ಬಹಳ ಹಿಂದಿನಿಂದಲೇ ಇದ್ದ ಈ ಸಾಧನ. ಎರಡು ದಿನ ಹಿಡಿಯುತ್ತಿದ್ದ ತಾಳೆ ಈಗ ಒಂದು ಬೆಳಗಿನಲ್ಲಿ ಮುಗಿಯುತ್ತದೆ, ಮಿಕ್ಕ ಹೊತ್ತು ಬಿಲ್ ಅಪ್‌ಲೋಡ್ ಮಾಡದ ವರ್ತಕರಿಗೆ ಫೋನ್ ಮಾಡುವುದರಲ್ಲಿ ಹೋಗುತ್ತದೆ. ಆ ಫೋನು ಮಾಡುವುದನ್ನು ಯಾವ ಉಪಕರಣವೂ ನನ್ನಷ್ಟು ಒತ್ತಾಯದಿಂದ ಮಾಡಲಾರದು.

ಉತ್ತರವನ್ನು ಪರೀಕ್ಷಿಸುವ ತರಗತಿ ಅಷ್ಟೇ ಗಟ್ಟಿಯಾಗಿತ್ತು. ಅಕ್ಕಿಗೆ ಜಿಎಸ್‌ಟಿ ಎಷ್ಟು ಎಂದು ಚಾಟ್ ಉಪಕರಣವನ್ನು ಕೇಳಿಸಿದರು. ನೋಂದಾಯಿತ ಬ್ರ್ಯಾಂಡ್ ಇದ್ದರೆ ಶೇ 5, ಇಲ್ಲದಿದ್ದರೆ ಇಲ್ಲ ಎಂಬ ನಯವಾದ ಉತ್ತರ ಬಂತು. ಇದು 2017ರ ನಿಯಮ. 2022ರ ಜುಲೈ 18ರಿಂದ ಬ್ರ್ಯಾಂಡ್ ಎಂಬ ಆಧಾರ ಹೋಗಿ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಚೀಲಕ್ಕೆ ತೆರಿಗೆ ಎಂದಾಯಿತು. ಮಾರುಕಟ್ಟೆಯಲ್ಲಿ ದಿಢೀರನೆ 26 ಕಿಲೋ ಚೀಲಗಳು ಕಾಣಿಸಿಕೊಂಡದ್ದರ ಕಾರಣವೂ ಇದೇ. ಗಿರಣಿಯಲ್ಲಿ ದುಡಿಯುವವರು ನಿದ್ದೆಯಲ್ಲಿ ಕೇಳಿದರೂ ಹೇಳುವ ಈ ಸಂಗತಿಯನ್ನು ಉಪಕರಣ ತಪ್ಪಾಗಿ ಹೇಳಿತು, ಅದೂ ಯಾವ ಅಳುಕಿಲ್ಲದೆ. ಇಂಥ ಉಪಕರಣಗಳು ಓದಿದ ಪಠ್ಯದಲ್ಲಿ ಹಳೆಯದು ಹೊಸದು ಎರಡೂ ಇರುತ್ತವೆ. ಮುಂದೆ ಯಾವ ಪದ ಬರುವುದು ಸಂಭವನೀಯ ಎಂಬುದರ ಮೇಲೆ ಅವು ವಾಕ್ಯ ಕಟ್ಟುತ್ತವೆಯೇ ಹೊರತು ಅಧಿಸೂಚನೆಯ ದಿನಾಂಕ ನೋಡಿ ಅಲ್ಲ. ಆದ್ದರಿಂದ ಅಧಿಸೂಚನೆಯ ಪಠ್ಯವನ್ನೇ ಅದಕ್ಕೆ ಕೊಟ್ಟು, ಇದರೊಳಗಿನದನ್ನು ಮಾತ್ರ ಹೇಳು ಎಂದು ಕಟ್ಟುಹಾಕುವುದನ್ನು ಮೇಡಂ ಅಭ್ಯಾಸ ಮಾಡಿಸಿದರು. ತಪ್ಪಾಗಿ ಪಡೆದು ಬಳಸಿದ ತೆರಿಗೆ ಜಮೆಗೆ ಶೇ 18ರ ಬಡ್ಡಿ ಬೀಳುತ್ತದೆ, ನೋಟಿಸು ಮಾಲೀಕರ ಹೆಸರಿಗೆ ಬರುತ್ತದೆ, ಮಾಲೀಕರು ಕರೆಯುವುದು ನನ್ನನ್ನು.

ಮೂರನೆಯ ತಿಂಗಳು ಮತ್ತೆ ಹಳೆಯ ಜಾಡಿಗೆ ಬಿತ್ತು. ರೆಸ್ಯೂಮೆ ಬರೆಸುವುದು, ಲಿಂಕ್ಡ್‌ಇನ್ ಖಾತೆ, ಎಐನಿಂದ ಚಿತ್ರ, ಎಐನಿಂದ ವಿಡಿಯೊ. ಇವುಗಳ ಬಗ್ಗೆ ಹೆಚ್ಚು ಬರೆಯುವಂಥದ್ದೇನೂ ಇಲ್ಲ. ಗಂಭೀರವಾದ ಆಕ್ಷೇಪವೊಂದಿದೆ: ಅಭ್ಯಾಸಕ್ಕೆಂದು ನಮ್ಮ ನಮ್ಮ ಕಚೇರಿಯ ನಿಜವಾದ ಕಡತಗಳನ್ನೇ ಪುಕ್ಕಟೆ ಖಾತೆಗಳಿಗೆ ಏರಿಸುವಂತೆ ಯುವ ಬೋಧಕರು ಹೇಳಿದರು. ಕೂಲಿ ಪಟ್ಟಿಯಲ್ಲಿ ಕಾರ್ಮಿಕರ ಆಧಾರ್, ಬ್ಯಾಂಕ್ ಖಾತೆ, ಫೋನ್ ಸಂಖ್ಯೆಗಳಿರುತ್ತವೆ. ಅವರ ಅನುಮತಿಯಿಲ್ಲದೆ ಹೊರಗಿನ ಕಂಪನಿಯ ಸರ್ವರಿಗೆ ಕಳಿಸುವ ಹಕ್ಕು ಗುಮಾಸ್ತನಿಗೆ ಎಲ್ಲಿಯದು? 2023ರಲ್ಲಿ ದೇಶದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಂಗೀಕಾರವಾದ ಮೇಲೂ, ವೃತ್ತಿಗೆ ಸಜ್ಜುಗೊಳಿಸುವ ಕೋರ್ಸು ಈ ವಿಷಯದಲ್ಲಿ ಮೌನವಾಗಿರುವುದನ್ನು ಒಪ್ಪಲಾಗದು. ಹೆಸರು, ಸಂಖ್ಯೆಗಳನ್ನು ಅಳಿಸಿ ಮಾದರಿ ಕಡತ ಮಾಡಿಕೊಳ್ಳುವುದನ್ನು ನಾವು ಕೆಲವರು ಮೇಡಂ ಹತ್ತಿರ ಕೇಳಿ ತಿಳಿದುಕೊಂಡೆವು.

ಹಣದ ವ್ಯವಹಾರದ ಬಗ್ಗೆಯೂ ಎರಡು ಮಾತು. ಮೊದಲು ಕೊಟ್ಟ ರಸೀದಿಯಲ್ಲಿ ಜಿಎಸ್‌ಟಿ ಸಂಖ್ಯೆ ಇರಲಿಲ್ಲ. ಕೇಳಿದ ಮೇಲೆ ಸರಿಯಾದ ಬಿಲ್ ಬಂತು. ಶೇ 18 ತೆಗೆದುಕೊಳ್ಳುವವರು ಸಂಖ್ಯೆ ನಮೂದಿಸಲೇಬೇಕು, ಕೇಳಲು ಸಂಕೋಚ ಬೇಡ. ಪದವೀಧರ ನಿರುದ್ಯೋಗಿಗಳಿಗೆ ‘ಯುವನಿಧಿ ಹಣದಲ್ಲೇ ಕಂತು ಕಟ್ಟಿರಿ’ ಎಂದು ಸಲಹೆ ಕೊಡುತ್ತಿದ್ದುದು ನನಗೆ ಹಿಡಿಸಲಿಲ್ಲ. ತಿಂಗಳಿಗೆ 3,000 ರೂಪಾಯಿಯ ಆ ಭತ್ಯೆಯಲ್ಲಿ ಪರೀಕ್ಷಾ ಶುಲ್ಕ, ಬಸ್ ಖರ್ಚು ಎಲ್ಲ ಸಾಗಬೇಕು. ಕೊನೆಗೆ ಕೊಡುವ ಪ್ರಮಾಣಪತ್ರದ ಮೇಲೆ ‘ಅಂತಾರಾಷ್ಟ್ರೀಯ ಮಾನ್ಯತೆ’ ಎಂದಿದೆ, ಯಾರು ಕೊಟ್ಟ ಮಾನ್ಯತೆ ಎಂಬುದಿಲ್ಲ. ದೇಶದಲ್ಲಿ ವೃತ್ತಿ ತರಬೇತಿಗಳನ್ನು ಮಾನ್ಯ ಮಾಡುವ ಸಂಸ್ಥೆ ಎನ್‌ಸಿವಿಇಟಿ. ಅದರ ಹೆಸರು ಕಾಣದಿದ್ದರೆ ಆ ಕಾಗದಕ್ಕೆಂದು ಹಣ ಕೊಡಬೇಕಿಲ್ಲ. ಪ್ಲೇಸ್‌ಮೆಂಟ್ ನೆರವೆಂದರೆ ವಾಟ್ಸ್‌ಆ್ಯಪ್ ಗುಂಪಿಗೆ ಬೀಳುವ ಜಾಹೀರಾತುಗಳು, ಅಷ್ಟೆ.

ಇದೇ ವಿಷಯಗಳು ಹಣವಿಲ್ಲದೆ ಎಲ್ಲಿ ಸಿಗುತ್ತವೆ ಎಂಬ ಪ್ರಶ್ನೆ ಸಹಜ. ಎಐ ಎಂದರೇನು, ಅದು ಏನು ಮಾಡಬಲ್ಲದು, ಏನು ಮಾಡಲಾರದು ಎಂಬ ತಳಹದಿಗೆ ಹೆಲ್ಸಿಂಕಿ ವಿಶ್ವವಿದ್ಯಾಲಯ 2018ರಲ್ಲಿ ಆರಂಭಿಸಿದ ‘ಎಲಿಮೆಂಟ್ಸ್ ಆಫ್ ಎಐ’ ಕೋರ್ಸು ಸಾಕು. ಪ್ರೋಗ್ರಾಮಿಂಗ್ ಬರಬೇಕಿಲ್ಲ, ಇಂಗ್ಲಿಷ್ ಓದಲು ಬಂದರಾಯಿತು. ಇನ್ನೂ ಆಳಕ್ಕೆ ಹೋಗುವವರಿಗೆ ಕೇಂದ್ರ ಸರ್ಕಾರದ ಸ್ವಯಂ ಜಾಲತಾಣದಲ್ಲಿ ಐಐಟಿಗಳ ಎನ್‌ಪಿಟಿಇಎಲ್ ಪಾಠಗಳಿವೆ, ಪರೀಕ್ಷೆಗೆ ಕೂತು ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಶುಲ್ಕ ಕಟ್ಟಬೇಕು. ಕೈಕೆಲಸದ ಕಡೆ ಒಲವಿರುವ ಹುಡುಗರಿಗೆ, ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ರಾಜ್ಯ ಸರ್ಕಾರ ಮೇಲ್ದರ್ಜೆಗೇರಿಸಿದ 150 ಸರ್ಕಾರಿ ಐಟಿಐಗಳಲ್ಲಿ ರೋಬಾಟಿಕ್ಸ್, ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳ ತರಬೇತಿ ಇದೆ. ತೋರಣಗಲ್ಲು, ಕುಡತಿನಿ, ಶಕ್ತಿನಗರದಂಥ ಕಾರ್ಖಾನೆ, ವಿದ್ಯುತ್ ಸ್ಥಾವರಗಳ ಊರುಗಳ ಪಕ್ಕದಲ್ಲಿರುವವರಿಗೆ ಇದು ಚಾಟ್‌ಬಾಟ್ ಕೋರ್ಸಿಗಿಂತ ಹೆಚ್ಚು ಅನ್ನಕ್ಕೆ ಬರುತ್ತದೆ ಎಂದು ನನ್ನ ಅಭಿಪ್ರಾಯ.

ಇವುಗಳಲ್ಲಿ ಯಾವುದೂ ಕೊಡದಿರುವುದು, ನಮ್ಮ ಊರಿನ ಕೆಲಸವನ್ನು ಬಲ್ಲವರೊಬ್ಬರು ಎದುರು ಕುಳಿತು ನಮ್ಮ ಕಾಗದವನ್ನು ಓದಿ ಪ್ರಶ್ನೆ ಕೇಳುವ ಅವಕಾಶ. ಹಾಗಾಗಿ ಲೆಕ್ಕಪತ್ರ, ಸ್ಟೋರ್ಸ್, ಹಾಜರಿ, ಬಿಲ್ಲಿಂಗ್ ಕೆಲಸಗಳಲ್ಲಿ ಕೆಲವು ವರ್ಷ ಕಳೆದವರು ಈ ಬಗೆಯ ಕೋರ್ಸಿಗೆ ಸೇರಬಹುದು. ಆದರೆ ಸೇರುವ ಮುನ್ನ ಪಾಠ ಮಾಡುವವರು ಯಾರು, ಅವರು ಮೊದಲು ಎಲ್ಲಿ ದುಡಿದವರು ಎಂದು ಕೇಳಿ, ಒಂದು ತರಗತಿ ಕುಳಿತು ನೋಡಿದ ಮೇಲೆಯೇ ಹಣ ಕಟ್ಟಬೇಕು. ಈಗಷ್ಟೇ ಪದವಿ ಮುಗಿಸಿದವರು, ವಿಂಗಡಿಸಿ ನೋಡಲು ತಮ್ಮದೇ ಕೆಲಸವೊಂದು ಇನ್ನೂ ಇಲ್ಲದಿರುವುದರಿಂದ, ಸದ್ಯಕ್ಕೆ ಪುಕ್ಕಟೆ ಪಾಠಗಳನ್ನು ನೋಡಿಕೊಳ್ಳುವುದೇ ಮೇಲು. ಎಕ್ಸೆಲ್ ಮತ್ತು ಪರಿಶೀಲನೆಯ ಭಾಗವನ್ನಷ್ಟೇ ಬೇರೆ ಮಾಡಿ, 5,000 ರೂಪಾಯಿಯ ಒಂದು ತಿಂಗಳ ಬ್ಯಾಚ್ ಆರಂಭಿಸಿ ಎಂದು ನಾವು ಕೆಲವರು ಕೇಂದ್ರದವರಿಗೆ ಬರೆದುಕೊಟ್ಟಿದ್ದೇವೆ. ದಸರೆಯ ನಂತರ ನೋಡೋಣ ಎಂದಿದ್ದಾರೆ. ಅದು ಆರಂಭವಾದರೆ, ಅಲ್ಲಿಯೂ ಮೇಡಂ ಅವರೇ ಪಾಠ ಮಾಡುವುದಾದರೆ, ನಮ್ಮ ಗಿರಣಿಯ ಸ್ಟೋರ್ ಕೀಪರನ ಶುಲ್ಕವನ್ನು ಕಟ್ಟಲು ಮಾಲೀಕರು ಒಪ್ಪಿದ್ದಾರೆ.